ಕೂದಲೆಳೆಯ ಮುಂದಿನ ಸೈಟು

ತಲೆಯ ಮೇಲೆ ಒಂದು ಕೂದಲೂ ಇಲ್ಲದ ಆ ಲೇತ್ ಕೆಲಸದವನಿಗೆ ಕೂದಲೆಳೆ ಎಂದು ಹೆಸರು ಬಿದ್ದದ್ದು ಅವನ ಬಾಯಿಂದಲೇ. ವರ್ಕ್‌ಶಾಪಿನಲ್ಲಿ ಯಾರು ಏನು ಮಾಡಿ ತೋರಿಸಿದರೂ ಒಂದು ಕಣ್ಣು ಮುಚ್ಚಿ ನೋಡಿ, "ಕೂದಲೆಳೆಯಷ್ಟು ಜಾಸ್ತಿ ಆಯ್ತು" ಅನ್ನುತ್ತಿದ್ದ. ಅಳೆದು ನೋಡಿದರೆ ಜಾಸ್ತಿಯೇ ಆಗಿರುತ್ತಿತ್ತು. ಜನಕ್ಕೆ ಸಿಟ್ಟು ಬರುತ್ತಿದ್ದುದು ಅದಕ್ಕೇ. ಆ ಕಣ್ಣನ್ನು ನಂಬಿಕೊಂಡು ಅವನು ಪ್ರಾಯದಿಂದಲೂ ಭಾನುವಾರ ಕ್ಲಬ್ಬಿಗೆ ಹೋಗಿ ಏರ್ ಪಿಸ್ತೂಲು ಹೊಡೆಯುತ್ತಿದ್ದ. ಕ್ಲಬ್ಬಿನ ತಂಡದಲ್ಲಿ ಅವನ ಜಾಗವೆಂದರೆ ಅಪ್ಪ ಬರೆದುಕೊಟ್ಟ ಆಸ್ತಿ ಇದ್ದ ಹಾಗೆ.

ಈ ವರ್ಷ ಅದಕ್ಕೆ ಸಂಚಕಾರ ಬಂತು. ಪಿಸ್ತೂಲಿನ ನಳಿಗೆಯ ತುದಿಯಲ್ಲಿ ಒಂದು ಪುಟ್ಟ ಕಡ್ಡಿ, ಅದು ಗುರಿ ಹಿಡಿಯುವ ಮುಂದಿನ ಸೈಟು. ಹಿಂಬದಿಯಲ್ಲಿ ಒಂದು ಚೌಕ ಕಚ್ಚು, ಅದು ಹಿಂದಿನದು. ಕಚ್ಚಿನ ನಡುವೆ ಕಡ್ಡಿ ನಿಂತಾಗ ಎರಡೂ ಪಕ್ಕ ಸಮನಾಗಿ ಬೆಳಕು ಕಾಣಬೇಕು. ದೂರದ ಗುರಿ ಮಸುಕಾದರೂ ನಡೆಯುತ್ತದೆ, ಕಡ್ಡಿ ಮಾತ್ರ ಕೊರೆದಿಟ್ಟ ಹಾಗಿರಬೇಕು. ಕೂದಲೆಳೆಗೆ ಈಗ ಗುರಿ ನಿಚ್ಚಳವಾಗಿತ್ತು, ಕಡ್ಡಿಗೆ ಗಡ್ಡ ಬೆಳೆದಿತ್ತು.

ತಂಡದಲ್ಲಿ ಉಳಿದಿದ್ದ ಒಂದೇ ಜಾಗಕ್ಕೆ ಅವನೂ ಬ್ಯಾಂಕಿನಿಂದ ನಿವೃತ್ತನಾದ ಕ್ಯಾಶಿಯರನೂ ಭಾನುವಾರ ಹೊಡೆದು ತೀರ್ಮಾನ ಮಾಡಿಕೊಳ್ಳಬೇಕಿತ್ತು.

"ಏನ್ ಗುರುಗಳೇ, ವಯಸ್ಸಾಯ್ತಾ?" ಎಂದು ಕ್ಯಾಶಿಯರ್ ಕಾಲೆಳೆದ.

"ವಯಸ್ಸಾಗಿರೋದು ಸೈಟಿಗೆ, ನನಗಲ್ಲ" ಎಂದ ಕೂದಲೆಳೆ.

ಸೈಟಿಗೆ ಚಿಕಿತ್ಸೆ ಶುರುವಾಯಿತು. ದಪ್ಪ ಕಡ್ಡಿ ಮಾಡಿ ಕೂರಿಸಿದ. ಪಕ್ಕದ ಬೆಳಕು ಮಾಯವಾಯಿತು. ಹಿಂದಿನ ಸೈಟನ್ನೂ ಇನ್ನೊಂದು ಮಾಡಿ, ಅರ ಹಿಡಿದು ಅದರ ಕಚ್ಚನ್ನು ಅಗಲ ಮಾಡಿದ. ಆಗ ಕಡ್ಡಿ ಬಡಕಲಾಗಿ ಕಂಡಿತು, ಇನ್ನೂ ದಪ್ಪನೆಯದು ಮಾಡಿದ. ಶನಿವಾರದ ಹೊತ್ತಿಗೆ ಮುಂದಿನ ಸೈಟು ಬಾಗಿಲ ಅಗುಳಿಯ ಗಾತ್ರಕ್ಕೆ ಬಂದಿತ್ತು, ಬೆಳಕು ಮಾತ್ರ ಬಂದಿರಲಿಲ್ಲ.

"ರೀ, ಗಿರಾಕಿ ಬಟ್ಟೆ ಮೇಲೆಲ್ಲ ಕಬ್ಬಿಣದ ಪುಡಿ!" ಎಂದಳು ಹೆಂಡತಿ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಅವನು ಅವಳ ಕತ್ತರಿಸುವ ಮೇಜನ್ನೇ ವರ್ಕ್‌ಶಾಪು ಮಾಡಿಕೊಂಡಿದ್ದ.

"ಸುಮ್ನಿರು. ಅಳತೆ ಸರಿಯಾಗಿದೆ, ಆದ್ರೂ ಕೂರ್ತಿಲ್ಲ. ನೋಡು, ನಾಲ್ಕೂವರೆ ಮಿಲಿಮೀಟರು."

ಅವಳು ಅವನ ಅಳತೆ ಸಾಧನವಾದ ವರ್ನಿಯರನ್ನು ಕೈಗೆ ತೆಗೆದುಕೊಂಡು ತನ್ನ ಕನ್ನಡಕ ಸರಿಮಾಡಿಕೊಂಡಳು. "ಎಲ್ಲಿ ನಾಲ್ಕೂವರೆ? ಐದಕ್ಕೆ ಬಂದು ನಿಂತಿದೆಯಲ್ಲ."

"ಟೇಪು ಹಿಡಿಯೋಳಿಗೆ ವರ್ನಿಯರ್ ಏನು ಗೊತ್ತು?"

"ನೀವೇ ಅಲ್ವಾ ಕಲಿಸಿದ್ದು? ಮದುವೆ ಆದ ಹೊಸದರಲ್ಲಿ. ಬೇರೆ ಮಾತೇ ಬರ್ತಿರ್ಲಿಲ್ಲ ನಿಮಗೆ."

ಕೂದಲೆಳೆ ವರ್ನಿಯರನ್ನು ಕಿಟಕಿಗೆ ಹಿಡಿದ, ದೂರ ಹಿಡಿದ, ಮೂಗಿನ ಹತ್ತಿರ ತಂದ. ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಕಡ್ಡಿ ಕಾಣದ ಕಣ್ಣಿನಿಂದಲೇ ಅವನು ವಾರವಿಡೀ ಕಡ್ಡಿಯನ್ನು ಅಳೆದಿದ್ದ! ಅವನಿಗೆ ನಗು ಬರಲಿಲ್ಲ, ಭಯವಾಯಿತು. ಈ ಕಣ್ಣೂ ಹೋದರೆ ತನ್ನಲ್ಲಿ ಉಳಿಯುವುದೇನು ಅನ್ನಿಸಿತು.

ಹೆಂಡತಿ ತನ್ನ ಕನ್ನಡಕ ಬಿಚ್ಚಿ ಅವನಿಗೆ ಹಾಕಿದಳು. ವರ್ನಿಯರ್ ಕಂಡಿತು, ಆದರೆ ಚಾಚಿದ ಕೈಯ ಪಿಸ್ತೂಲಿನ ಕಡ್ಡಿ ಇನ್ನೂ ಮಸುಕು. ಆಮೇಲೆ ಗುಂಡಿಗಳ ಡಬ್ಬಿ ಕೆದಕಿ, ತಾನು ಮೊದಲು ಹಾಕುತ್ತಿದ್ದ ಕಡಿಮೆ ಪವರಿನದನ್ನು ತೆಗೆದಳು. ಗುಲಾಬಿ ಫ್ರೇಮು, ತುದಿಯಲ್ಲಿ ಹೊಳೆಯುವ ಕಲ್ಲು. ಅವನು ಹಳೆಯ ಸೈಟುಗಳನ್ನು ಮತ್ತೆ ಕೂರಿಸಿ ಗೋಡೆಯತ್ತ ಕೈ ಚಾಚಿದ. ಗೋಡೆ ಮಂಜಾಯಿತು, ಕಡ್ಡಿ ಗಡ್ಡ ಬೋಳಿಸಿಕೊಂಡು ನಿಂತಿತು. ಊಟಕ್ಕೆ ಕೂತಾಗಲೂ ಅವನು ಆ ಕನ್ನಡಕ ತೆಗೆಯಲಿಲ್ಲ.

ಭಾನುವಾರ ಕ್ಲಬ್ಬು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕೂದಲೆಳೆ ಕಿವಿಗೆ ಹಾಕಿಕೊಳ್ಳದೆ ಹೊಡೆದ, ಚೆನ್ನಾಗಿಯೇ ಹೊಡೆದ. ಮುಂದಿನ ಸರದಿ ಕ್ಯಾಶಿಯರನದು. ಅವನು ಪಿಸ್ತೂಲು ಎತ್ತಿದ, ಗದ್ದ ಮೇಲೆ ಮಾಡಿದ, ಕೆಳಗೆ ಮಾಡಿದ, ಇಳಿಸಿದ. ಆ ಕುಣಿತದ ಪರಿಚಯ ಕೂದಲೆಳೆಗಿಂತ ಚೆನ್ನಾಗಿ ಯಾರಿಗಿದ್ದೀತು? ಬಾಯಿ ಮುಚ್ಚಿಕೊಂಡಿದ್ದರೆ ಜಾಗ ತನ್ನದೇ. ಮುಚ್ಚಿಕೊಂಡೇ ಇದ್ದ. ಆದರೆ ಕ್ಯಾಶಿಯರ್ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ನಿಂತ.

ಕೂದಲೆಳೆ ಎದ್ದು ಹೋಗಿ ಕನ್ನಡಕ ಚಾಚಿದ. "ತಗೋಪ್ಪಾ. ಕಡ್ಡಿ ನೋಡು, ಗುರಿ ನೋಡ್ಬೇಡ."

ಮನೆಗೆ ಬಂದಾಗ ಹೆಂಡತಿ ಮಿಷನ್ ತುಳಿಯುವುದನ್ನು ನಿಲ್ಲಿಸಿ ಕೇಳಿದಳು, "ತಂಡಕ್ಕೆ ಯಾರು ಹೋಗೋದು?"

"ನಿನ್ನ ಕನ್ನಡಕ. ಕ್ಯಾಶಿಯರನ ಮೂಗಿನ ಮೇಲೆ ಕೂತು."

"ಮತ್ತೆ ನೀವು?"

ಕೂದಲೆಳೆ ಬೋಳುತಲೆ ಸವರಿಕೊಂಡ. "ನಾನು ನಾಳೆ ಕಣ್ಣಿನ ಡಾಕ್ಟರ ಹತ್ರ. ನೀನೂ ಬಾ. ಫ್ರೇಮು ಆರಿಸೋಕೆ ನನಗೆ ಕಣ್ಣು ಕಾಣಲ್ಲ."