ನಾಯಿಗೆ ಪೆಟ್ಟಿಗೆ ಕಲಿಸಿದವಳು ನಾನು

ಆ ನಾಯಿಯನ್ನು ನನಗೆ ಕೊಟ್ಟವಳು ನನ್ನ ತಂಗಿಯೇ. ಯಲ್ದೂರಿನ ನಮ್ಮ ಮನೆಯ ಜಗಲಿ ಮೇಲೆ ನಿಂತು, ಸರಪಳಿಯ ತುದಿಯನ್ನು ನನ್ನ ಕೈಗಿಟ್ಟು, ‘ಇನ್ಮೇಲೆ ಇದು ನಿಂದೇ ಕಣಕ್ಕ’ ಎಂದಳು. ಪಕ್ಕದಲ್ಲಿ ನಮ್ಮ ಯಜಮಾನರಿದ್ದರು, ಅವರೂ ಕೇಳಿಸಿಕೊಂಡಿದ್ದಾರೆ. ನಾನೇ ಏನೋ ತಪ್ಪು ತಿಳಿದುಕೊಂಡೆ ಎಂದು ಈಗ ಯಾರಾದರೂ ಅಂದರೆ ಮೈಯೆಲ್ಲ ಉರಿಯುತ್ತದೆ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ತಂಗಿಯ ಸಂಸಾರ ಆಗ ಕೋಲಾರದಲ್ಲಿತ್ತು. ಅವಳ ಗಂಡ ಕೆಲಸ ಮಾಡುತ್ತಿದ್ದ ಕಾರ್ಖಾನೆಯವರು ಅವನನ್ನು ಜರ್ಮನಿಗೆ ಕಳಿಸುವುದೆಂದು ತೀರ್ಮಾನವಾಯಿತು. ಅವನು ಮುಂಚೆ ಹೋಗಿ ಮನೆ ಮಾಡುವುದು, ಮಗಳ ಪರೀಕ್ಷೆ ಮುಗಿದ ಮೇಲೆ ಇವರಿಬ್ಬರೂ ಹೋಗುವುದು ಎಂದು ಮಾತಾಗಿತ್ತು. ಅಲ್ಲಿಯವರೆಗೆ ತಾಯಿ ಮಗಳಿಗೆ ಸಾಕೆಂದು ಒಂದು ಚಿಕ್ಕ ಮನೆ ಹಿಡಿದರು. ಆ ಮನೆಯ ಓನರಿಗೆ ನಾಯಿ ಕಂಡರೆ ಆಗದು. ನಾಯಿಯಾದರೂ ಎಂಥದ್ದು, ಮಗಳು ಬೀದಿಯಿಂದ ಎತ್ತಿಕೊಂಡು ಬಂದ ಕಂದು ಬಣ್ಣದ್ದು, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಿಸಿಕೊಂಡದ್ದು. ‘ಇಂಥದ್ದನ್ನ ಅಲ್ಲಿಗೆ ಯಾರು ಕರ್ಕೊಂಡು ಹೋಗ್ತಾರಕ್ಕ, ತಲೆ ಕೆಟ್ಟಿದ್ಯಾ’ ಎಂದೂ ಅವಳೇ ಅಂದಿದ್ದಳು.

ನನಗೆ ನಾಯಿ ಎಂದರೆ ಅಷ್ಟಕ್ಕಷ್ಟೆ. ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಇಡೀ ದಿನ ಹುಡುಗರ ಗಲಾಟೆ ಕೇಳಿ ಬಂದವಳು, ಮನೆಯಲ್ಲೂ ಬೊಗಳುವುದು ಕೇಳಬೇಕೇ ಎಂದು ಸಿಡುಕಿದೆ. ಅದು ಬೊಗಳಲೇ ಇಲ್ಲ. ಮೊದಲ ವಾರ ಹಿತ್ತಲ ಬಾಗಿಲಲ್ಲಿ ಕೂತು ನನ್ನನ್ನೇ ನೋಡಿತು. ಆಮೇಲೊಂದು ದಿನ, ಹಾಲು ಕಲಸಿ ಹಾಕಿದ ಮುದ್ದೆಯನ್ನು ತಿಂದು, ತಟ್ಟೆ ನೆಕ್ಕಿ, ಬಂದು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿತು. ಕಾಲು ಜೋಮು ಹಿಡಿದರೂ ನಾನು ಎಳೆದುಕೊಳ್ಳಲಿಲ್ಲ. ತಂಗಿಯ ಮಗಳು ಅದಕ್ಕೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದಳು, ನನ್ನ ನಾಲಿಗೆ ಹೊರಳಲಿಲ್ಲ. ‘ಏನ್ಲಾ’ ಎಂದರೆ ಸಾಕು, ಮಾವಿನ ತೋಪಿನ ಆ ತುದಿಯಲ್ಲಿದ್ದರೂ ಓಡಿ ಬರುತ್ತಿತ್ತು. ಸಂಜೆ ನಾನು ಬಸ್ಸಿಳಿಯುವ ಹೊತ್ತಿಗೆ ಸ್ಟಾಪಿನಲ್ಲಿ ಬಂದು ನಿಂತಿರುತ್ತಿತ್ತು. ನಮ್ಮ ಯಜಮಾನರು ಮದುವೆಯಾದಾಗಿನಿಂದ ಒಂದು ದಿನವೂ ಹಾಗೆ ಬಂದು ನಿಂತವರಲ್ಲ.

ದೀಪಾವಳಿಗೆ ಮುಂಚೆ ತಂಗಿ ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಕಳಿಸಿದಳು. ಮುಂದೆ ಕಂಬಿಯ ಬಾಗಿಲು, ಪಕ್ಕಗಳಲ್ಲಿ ಗಾಳಿಗೆ ತೂತು. ‘ಪಟಾಕಿ ಸದ್ದಿಗೆ ಅದು ಹೆದರ್ಕೊಳ್ಳುತ್ತೆ ಕಣಕ್ಕ. ಇದರಲ್ಲೇ ಊಟ ಹಾಕು, ಇದರಲ್ಲೇ ಮಲಗಿಸು. ಬಾಗ್ಲು ಹಾಕಿದ್ರೂ ಸುಮ್ನಿರೋ ಹಂಗೆ ಅಭ್ಯಾಸ ಮಾಡ್ಸು’ ಎಂದು ಫೋನಿನಲ್ಲಿ ಹೇಳಿದಳು. ನಮ್ಮ ಯಜಮಾನರು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ‘ಪಟಾಕಿಗೆ ಇಷ್ಟು ಗಟ್ಟಿ ಪೆಟ್ಟಿಗೆ ಯಾಕೇ ಬೇಕು?’ ಎಂದರು. ನನ್ನ ತವರಿನವರು ಏನು ಕೊಟ್ಟರೂ ನಿಮಗೆ ಅದರಲ್ಲಿ ಹುಳುಕೇ ಕಾಣುವುದು ಎಂದು ಅವರ ಬಾಯಿ ಮುಚ್ಚಿಸಿದೆ.

ಎಂಟನೇ ಕ್ಲಾಸಿನ ಹುಡುಗರಿಗೇ ಪಾಠ ಹೇಳಿದವಳು, ಒಂದು ನಾಯಿಗೆ ಹೇಳಲಾರೆನೇ. ಮೊದಲು ಪೆಟ್ಟಿಗೆಯ ಬಾಗಿಲಲ್ಲಿ ತಟ್ಟೆ ಇಟ್ಟೆ, ಕೆಲವು ದಿನ ಬಿಟ್ಟು ಅರ್ಧ ಒಳಗೆ, ಆಮೇಲೆ ಪೂರ್ತಿ ಹಿಂದಕ್ಕೆ. ಮೊದಲ ಸಲ ಬಾಗಿಲು ಹಾಕಿದಾಗ ಅದು ಕುಂಯ್‌ಗುಟ್ಟಿತು. ನಾನು ಎದುರಿಗೇ ನೆಲದ ಮೇಲೆ ಕೂತು, ಒಂದು ಕೈಯ ಬೆರಳನ್ನು ಕಂಬಿಯ ಸಂದಿಯಲ್ಲಿ ತೂರಿಸಿಕೊಂಡು ಇನ್ನೊಂದು ಕೈಯಲ್ಲಿ ಉತ್ತರಪತ್ರಿಕೆ ತಿದ್ದಿದೆ. ಸಂಕ್ರಾಂತಿಯ ಹೊತ್ತಿಗೆ ‘ನಡಿ ಒಳಗೆ’ ಎಂದರೆ ತಾನೇ ಹೋಗಿ ಸುರುಳಿ ಸುತ್ತಿಕೊಂಡು ಮಲಗುವುದನ್ನು ಕಲಿಯಿತು. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿ ಬೀಗಿದೆ.

ಈ ನಡುವೆ, ದೀಪಾವಳಿ ಮುಗಿದದ್ದೇ, ತಂಗಿಯ ಫೋನಿನಲ್ಲಿ ಒಂದೊಂದೇ ಕೆಲಸವೂ ಬಂತು. ಕೋಲಾರಕ್ಕೆ ಕರೆದುಕೊಂಡು ಹೋಗಿ ಕುತ್ತಿಗೆಯ ಚರ್ಮದಡಿ ಚಿಪ್ ಹಾಕಿಸು, ಕಳೆದುಹೋದರೆ ಸಿಗುತ್ತದೆ. ಹುಚ್ಚುನಾಯಿ ರೋಗದ ಇಂಜೆಕ್ಷನ್ ಹಾಕಿಸು, ಮನೆಗೆ ಟ್ಯೂಷನ್ ಮಕ್ಕಳು ಬರುತ್ತಾರೆ. ರಕ್ತ ಪರೀಕ್ಷೆ ಮಾಡಿಸು, ಬೀದಿಯಲ್ಲಿ ಹುಟ್ಟಿದ್ದು, ಏನಿದೆಯೋ ಏನೋ. ಒಂದೊಂದಕ್ಕೂ ಒಂದು ಕಾರಣ, ಆ ಕಾರಣದಲ್ಲೆಲ್ಲ ನನ್ನ ಮೇಲಿನ ಕಾಳಜಿ. ಚೆನ್ನಾಗಿ ಬೆಣ್ಣೆ ಹಚ್ಚಿದಳು. ನಾನು ಸ್ಕೂಲಿಗೆ ರಜೆ ಹಾಕಿ, ಗುರುತಿನ ಆಟೋದವನನ್ನು ಗೋಗರೆದು ಕರೆದುಕೊಂಡು ಹೋದೆ. ಡಾಕ್ಟರು ರಕ್ತ ತೆಗೆಯುವಾಗ ನಾನೇ ಅದನ್ನು ತಬ್ಬಿ ಹಿಡಿದಿದ್ದೆ. ಸೂಜಿ ಚುಚ್ಚಿದಾಗ ಅದು ನನ್ನ ಕಂಕುಳಿಗೆ ಮೂತಿ ತೂರಿಸಿತು.

ಏಪ್ರಿಲ್‌ನಲ್ಲಿ ತಂಗಿಯ ಗಂಡ ಇವರನ್ನು ಕರೆದುಕೊಂಡು ಹೋಗಲು ಬಂದ. ಹೊರಡುವ ಮುಂಚೆ ನೆಂಟರನ್ನೆಲ್ಲ ನೋಡಿಬಿಡೋಣ ಎಂದು ಕಾರು ಮಾಡಿದರು. ಮುಳಬಾಗಿಲಿನಲ್ಲಿ ಚಿಕ್ಕಪ್ಪ, ಕೋಲಾರದಲ್ಲಿ ಅವಳ ಗೆಳತಿಯರು, ಕೊನೆಗೆ ಮಾಲೂರಿನಲ್ಲಿ ನಮ್ಮ ಸೋದರಮಾವ. ಅಲ್ಲಿ ಒಂದು ರಾತ್ರಿ ಉಳಿದು, ಮಾರನೆಯ ದಿನ ಅಲ್ಲಿಂದಲೇ ವಿಮಾನ ನಿಲ್ದಾಣಕ್ಕೆ. ‘ನೀನೂ ಬಾಕ್ಕ, ನಾಯೀನೂ ಕರ್ಕೊಂಡು ಬಾ. ಮಗು ಕಡೇ ಸಲ ಅದರ ಜೊತೆ ಇರ್ಲಿ’ ಎಂದಳು. ಪೆಟ್ಟಿಗೆಯನ್ನೂ ಹಿಂದೆ ಹಾಕಿಕೊಂಡರು, ಮಾವನ ಮನೆಯಲ್ಲಿ ಅದು ಮಲಗುವುದೆಲ್ಲಿ ಎಂದು. ನಾನಂತೂ ಒಂದು ವಾರದಿಂದ ಅವಳಿಗೆ ಚಟ್ನಿಪುಡಿ, ಹುರಿಹಿಟ್ಟು, ಮಾವಿನಕಾಯಿ ಉಪ್ಪಿನಕಾಯಿ ಎಂದು ಒಲೆಯ ಮುಂದೆ ಬೆವರು ಸುರಿಸಿದ್ದೆ. ಉಪ್ಪಿನಕಾಯಿಯ ಎಣ್ಣೆ ಅವಳ ರೇಷ್ಮೆ ಸೀರೆಗೆ ಸೋರೀತು ಎಂದು ಕವರಿನ ಮೇಲೆ ಕವರು ಸುತ್ತಿದ್ದೆ.

ಮುಳಬಾಗಿಲಿನ ಚಿಕ್ಕಪ್ಪ ಅರ್ಚಕರು. ತಂಗಿ, ಅವಳ ಗಂಡ, ಮಗಳು ಮೂವರಿಗೂ ಕುಂಕುಮವಿಟ್ಟು, ಪ್ರಯಾಣ ಸುಖವಾಗಲಿ ಎಂದು ಅಕ್ಷತೆ ಹಾಕಿದರು. ‘ಚಿಕ್ಕಪ್ಪಾ, ಅದಕ್ಕೂ ಒಂದು ಬೊಟ್ಟು ಇಡಿ’ ಎಂದಳು ತಂಗಿ, ನಾಯಿಯನ್ನು ತೋರಿಸಿ. ‘ಅದ್ಯಾವ ದೇಶಕ್ಕೆ ಹೋಗ್ಬೇಕಮ್ಮಾ, ಯಲ್ದೂರಿಗೆ ತಾನೇ’ ಎಂದು ಅವರು ನಕ್ಕರು. ನಾನೂ ನಕ್ಕೆ. ತಂಗಿಯೂ ನಕ್ಕಳು, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಅವಳ ಮಗಳೊಬ್ಬಳೇ ನಗಲಿಲ್ಲ. ದೋಸೆ ತಿನ್ನುವಾಗಲೂ ಆ ಹುಡುಗಿ ನನ್ನ ಮುಖ ನೋಡಲಿಲ್ಲ. ಊರು ಬಿಡುವ ಸಂಕಟ ಎಂದುಕೊಂಡು ನನ್ನ ತಟ್ಟೆಯ ದೋಸೆಯನ್ನೂ ಮುರಿದು ಅವಳಿಗೆ ಹಾಕಿದೆ.

ಕೋಲಾರ ಮುಗಿಸಿ ಮಾಲೂರಿನ ಕಡೆ ಹೋಗುವಾಗ, ವಿಗ್ರಹ ಕೆತ್ತುವವರ ಊರು ಶಿವಾರಪಟ್ಟಣದಲ್ಲಿ ಇಳಿದೆವು. ಜರ್ಮನಿಯ ಮನೆಗೆ ಒಂದು ಪುಟ್ಟ ಕಲ್ಲಿನ ಗಣಪ ಬೇಕೆಂದು ತಂಗಿಯ ಆಸೆ. ನಾನು ಬಿಸಿಲಲ್ಲಿ ನಿಂತು ನಾಯಿ ಹಿಡಿದುಕೊಂಡಿದ್ದೆ. ಕಲ್ಲಿನ ಧೂಳಿಗೆ ಅದು ಸೀನುತ್ತಿತ್ತು. ತಂಗಿಯ ಗಂಡ ಬಂದು, ‘ಸ್ವಲ್ಪ ನೀರು ಕುಡಿಸಿ ಅತ್ತಿಗೆ, ಅದು ಸುಸ್ತಾಗಬಾರ್ದು’ ಎಂದ. ಎಂದೂ ನಾಯಿಯ ಕಡೆ ತಿರುಗಿ ನೋಡದವನಿಗೆ ಇವತ್ತೇನು ಇಷ್ಟು ಪ್ರೀತಿ ಎಂದು ಅನ್ನಿಸಿತು, ಅಷ್ಟಕ್ಕೇ ಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಮಾಲೂರಿನಲ್ಲಿ, ಸೋದರಮಾವನ ಹೆಂಡತಿ ಅಡಿಗೆಮನೆಯಲ್ಲಿ ನನಗೆ ಕಾಫಿ ಕೊಟ್ಟರು. ಆ ಅತ್ತೆಯ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ‘ಏನೇ ಹೇಳಮ್ಮಾ, ಆ ನಾಯಿ ಅದೃಷ್ಟವೇ ಅದೃಷ್ಟ. ನಾನಿನ್ನೂ ವಿಮಾನ ಹತ್ತಿಲ್ಲ, ಅದು ಹತ್ತುತ್ತೆ’ ಎಂದರು.

‘ಯಾವ ನಾಯಿ ಅತ್ತೆ?’

‘ಇದೇ, ಹೊರಗೆ ಮಲಗಿದೆಯಲ್ಲ. ಮಧ್ಯಾಹ್ನ ವ್ಯಾನ್ ಬರುತ್ತಂತೆ ಕರ್ಕೊಂಡು ಹೋಗೋಕೆ. ನೀಕು ತೆಲೀದಾ?’

ನನಗೆ ತಿಳಿದಿರಲಿಲ್ಲ. ಆ ಅಡಿಗೆಮನೆಯಲ್ಲಿ ನಿಂತಲ್ಲೇ ತಿಳಿಯಿತು. ಪೆಟ್ಟಿಗೆ, ಚಿಪ್, ಸೂಜಿ, ರಕ್ತ, ಈ ಕಾರಿನ ಸುತ್ತಾಟ, ಎಲ್ಲವೂ ನಾಯಿಯನ್ನು ಸಾಗಿಸುವ ತಯಾರಿ. ತಯಾರಿ ಮಾಡಿದವಳು ನಾನು. ನನ್ನ ಕಿವಿಗೆ ಹೂವಿಟ್ಟು, ನನ್ನ ಕೈಯಿಂದಲೇ ಎಲ್ಲ ಮಾಡಿಸಿದ್ದಳು. ಕಾಫಿ ಲೋಟ ಕಟ್ಟೆಯ ಮೇಲಿಟ್ಟು ನಡುಮನೆಗೆ ಹೋದೆ. ತಂಗಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದಳು.

‘ನಾಯೀನ ಕರ್ಕೊಂಡು ಹೋಗ್ತಿದೀಯಾ?’

ಅವಳು ತಲೆ ಎತ್ತಲಿಲ್ಲ. ‘ಹೇಳೋಣ ಅಂತಲೇ ಇದ್ದೆ ಅಕ್ಕ.’

‘ಯಾವಾಗ? ಜರ್ಮನಿಗೆ ಹೋಗಿ ಫೋನ್ ಮಾಡಿನಾ?’

ಉತ್ತರಕ್ಕೆ ಕಾಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ನಾಯಿಯ ಸರಪಳಿ ಹಿಡಿದು ಸೀದಾ ಬಸ್ ಸ್ಟ್ಯಾಂಡಿಗೆ ನಡೆದೆ. ಕೋಲಾರದ ಬಸ್ಸು ನಿಂತಿತ್ತು. ಕಂಡಕ್ಟರು ನನ್ನನ್ನೂ ನಾಯಿಯನ್ನೂ ನೋಡಿ, ‘ಇಷ್ಟು ರಶ್ಶಲ್ಲಿ ನಾಯಿ ಎಲ್ಲಿ ಹತ್ತಿಸ್ಲಿ ಮೇಡಂ’ ಎಂದ. ಬೇಡಿಕೊಂಡೆ, ಕೊನೆಗೆ ಜಗಳವನ್ನೂ ಆಡಿದೆ. ಬಸ್ಸು ಹೊರಟುಹೋಯಿತು. ನಾನು ಕಲ್ಲುಬೆಂಚಿನ ಮೇಲೆ ಕೂತು ಎಲ್ಲರೆದುರಿಗೂ ಅತ್ತೆ. ನಾಯಿ ಬೆಂಚಿನ ನೆರಳಿನಲ್ಲಿ ಮಲಗಿತು.

ತಂಗಿ ಹಿಂದೆಯೇ ಬಂದಳು, ಮಗಳನ್ನು ಕರೆದುಕೊಂಡು. ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಮಗಳು ನಾಯಿ ಬಿಟ್ಟು ಬರುವುದಿಲ್ಲ ಎಂದು ಊಟ ಬಿಟ್ಟಳಂತೆ. ಅಲ್ಲಿಗೆ ಕರೆದೊಯ್ಯಬೇಕಾದರೆ ನಾಯಿಯ ರಕ್ತ ಪರೀಕ್ಷೆಗೆ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಂತೆ. ದೀಪಾವಳಿಗೆ ಮುಂಚೆಯೇ ಗಂಡ ಹೆಂಡತಿ ತೀರ್ಮಾನ ಮಾಡಿಯಾಗಿತ್ತಂತೆ.

‘ಇದನ್ನ ಆವತ್ತೇ ನನಗೆ ಹೇಳೋಕೆ ನಿನಗೇನಾಗಿತ್ತು ದಾಡಿ?’ ಎಂದೆ.

ಅವಳು ಮೆಲ್ಲಗೆ, ‘ಹೇಳಿದ್ರೆ ನೀನು ಇಷ್ಟು ಚೆನ್ನಾಗಿ ನೋಡ್ಕೋತಿರಲಿಲ್ಲ ಅಕ್ಕ. ಬೇರೆಯವರ ನಾಯಿ ಅಂತ ಹಿತ್ತಲಲ್ಲಿ ಕಟ್ಟಿ ಹಾಕಿರ್ತಿದ್ದೆ’ ಎಂದಳು.

ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳಿಗೆ ಜಡೆ ಹಾಕಿ, ಕೈ ಹಿಡಿದು ಸ್ಕೂಲಿಗೆ ಬಿಟ್ಟುಬಂದವಳು ನಾನು. ಇಷ್ಟು ವರ್ಷ ನೋಡಿ ಅವಳು ನನ್ನ ಬಗ್ಗೆ ತಿಳಿದುಕೊಂಡದ್ದು ಇಷ್ಟು. ನನ್ನದು ಎಂದರೆ ಮಾತ್ರ ಮಾಡುವವಳು, ಇಲ್ಲದಿದ್ದರೆ ಇಲ್ಲ. ತಂಗಿಯ ಮಗಳು ನಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ‘ಸಾರಿ ದೊಡ್ಡಮ್ಮ’ ಎಂದಳು. ನಾಯಿ ಅವಳ ಕೈ ನೆಕ್ಕಿತು. ಅದು ಮೊದಲು ಅವಳದ್ದಾಗಿತ್ತು, ಅದನ್ನು ನಾನು ಇಲ್ಲವೆನ್ನಲಾಗದು. ಎದ್ದು ಅವರೊಂದಿಗೆ ಮಾವನ ಮನೆಗೆ ವಾಪಸು ನಡೆದೆ.

ಮಧ್ಯಾಹ್ನ, ಸಾಕುಪ್ರಾಣಿಗಳನ್ನು ವಿಮಾನಕ್ಕೆ ಸಾಗಿಸುವವರ ವ್ಯಾನ್ ಬಂತು. ದಪ್ಪ ಕೈಗವಸು ಹಾಕಿಕೊಂಡವನೊಬ್ಬ ಇಳಿದ. ಅವನನ್ನು ನೋಡಿದ್ದೇ ನಾಯಿ ಮಂಚದಡಿಗೆ ತೂರಿ ಗುರುಗುಟ್ಟಿತು. ತಂಗಿ ಕರೆದಳು, ಬರಲಿಲ್ಲ. ಅವಳ ಗಂಡ ಬಿಸ್ಕತ್ತು ತೋರಿಸಿದ, ಬರಲಿಲ್ಲ. ಮಗಳು ಅಳುತ್ತಾ ಕರೆದರೂ ಬರಲಿಲ್ಲ. ಎಳೆದೇ ಹಾಕಬೇಕಾಗುತ್ತದೆ ಎಂದ ವ್ಯಾನಿನವನು. ಎಲ್ಲರೂ ನನ್ನ ಕಡೆ ನೋಡಿದರು, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ನಾನು ಎಲ್ಲರನ್ನೂ ಹೊರಗೆ ಕಳಿಸಿದೆ. ತಂಗಿಯನ್ನು ಮಾತ್ರ ಇರಿಸಿಕೊಂಡೆ. ‘ಏನ್ಲಾ’ ಎಂದೆ, ಅದು ಬಂತು. ಹಿತ್ತಲಲ್ಲಿ ಸುತ್ತಾಡಿಸಿ ಉಚ್ಚೆ ಮಾಡಿಸಿದೆ. ದಾರಿಯಲ್ಲಿ ವಾಂತಿಯಾಗಬಾರದೆಂದು ಹೊಟ್ಟೆಗೆ ಹೆಚ್ಚು ಹಾಕದೆ ಎರಡು ತುತ್ತು ಮೊಸರನ್ನ ತಿನ್ನಿಸಿದೆ. ನೀರಿನ ಬಟ್ಟಲನ್ನು ಅಲುಗಾಡದಂತೆ ಕಂಬಿಗೆ ಬಿಗಿಯಾಗಿ ಸಿಕ್ಕಿಸಿದೆ. ‘ನಡಿ ಒಳಗೆ’ ಎಂದೆ. ಬಾಲ ಅಲ್ಲಾಡಿಸುತ್ತಾ ಒಳಗೆ ಹೋಗಿ ಮಲಗಿತು. ಬಾಗಿಲು ಹಾಕಿ, ಚಿಲಕವನ್ನು ಎರಡು ಸಲ ಎಳೆದು ನೋಡಿ, ತಂಗಿಯ ಕಡೆ ತಿರುಗಿದೆ.

‘ಈಗ ನಿನ್ನ ನಾಯಿ ಅಂತ ಗೊತ್ತಿದ್ದೇ ಮಾಡಿದೀನಿ. ಏನಾದ್ರೂ ಕಮ್ಮಿ ಮಾಡಿದ್ನಾ, ನೋಡ್ಕೋ’ ಎಂದೆ.

ತಂಗಿ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ನಾನು ಸಮಾಧಾನ ಮಾಡಲಿಲ್ಲ.