ಬಿಳಿ ಕಾಲ್ಚೀಲದ ಎಮ್ಮೆ

ಆಗೆಲ್ಲ ಕಾಡಿನಲ್ಲಿ ಎರಡು ದಿನ ಇದ್ದು ಪ್ರಾಣಿ ನೋಡಬೇಕೆಂದರೆ ಜೋಳದ ಹಿಟ್ಟು, ಬೇಳೆ, ಸ್ಟೋವು, ಲಾಟೀನು ಎಲ್ಲ ಕಟ್ಟಿಕೊಂಡು ಅರ್ಧ ಮನೆಯನ್ನೇ ರೈಲಿಗೆ ಹೇರಬೇಕಿತ್ತು. ಎಂಬತ್ತರ ದಶಕದ ಒಂದು ದೀಪಾವಳಿ ರಜೆಯಲ್ಲಿ ನಾವು ಬೆಳಗಾವಿಯಿಂದ ಹಾಗೆಯೇ ಹೊರಟು ಲೋಂಡಾದಲ್ಲಿ ಇಳಿದೆವು. ಅಪ್ಪ, ಅವ್ವ, ನಾನು, ಜೊತೆಗೆ ಅಪ್ಪನ ತಾಯಿ, ನಮ್ಮ ಆಯಿ. ಅಲ್ಲಿಂದ ಚಕ್ಕಡಿ ಹತ್ತಿ ಹೊಳೆ ದಂಡೆಯ ಬಂಗಲೆ ಸೇರಿದೆವು. ಒದ್ದೆ ಎಲೆಯ ವಾಸನೆ ಮೂಗು ತುಂಬಿತ್ತು.

ನನಗಂತೂ ಕಾಡುಕೋಣ ಕಾಣಲೇಬೇಕಿತ್ತು. ಸದಾಶಿವನಗರದ ನಮ್ಮ ಬಾಜು ಮನೆಯ ಸರೋಜಾ ಮೈಸೂರಿನಲ್ಲಿ ಹುಲಿ ನೋಡಿ ಬಂದು ತಿಂಗಳುಗಟ್ಟಲೆ ಜಂಬ ಕೊಚ್ಚಿದ್ದಳು. ಪಂಜರದ ಹುಲಿ ಏನು ಮಹಾ, ನಾನು ಬಯಲಲ್ಲಿ ಅಡ್ಡಾಡುವ ಕೋಣವನ್ನೇ ನೋಡಿ ಬರುತ್ತೇನೆ ಎಂದು ಇಡೀ ಓಣಿಯ ಮುಂದೆ ಹೇಳಿಬಿಟ್ಟಿದ್ದೆ. ಕಾಣದೆ ವಾಪಸ್ಸು ಹೋದರೆ ಮುಖ ಎಲ್ಲಿಡಲಿ?

ಮೊದಲ ಸಂಜೆ ಅಪ್ಪ ನನ್ನನ್ನೂ ಅವ್ವನನ್ನೂ ಹೊಳೆಯ ಬಂಡೆ ಮೇಲೆ ಕೂರಿಸಿದರು. ಕೆಮ್ಮುವಂತಿಲ್ಲ, ಪಿಸುಗುಡುವಂತಿಲ್ಲ. ಅವ್ವನ ಬಳೆಗಳಿಗೂ ಕರವಸ್ತ್ರ ಸುತ್ತಿಸಿದರು! ಕಂಡದ್ದು ಒಂದು ಮಿಂಚುಳ್ಳಿ, ಸಿಕ್ಕದ್ದು ಮೈತುಂಬ ಸೊಳ್ಳೆ ಕಡಿತ.

ಅಳುಮುಖ ಹೊತ್ತು ಬಂಗಲೆಗೆ ಬಂದರೆ ಆಯಿ ಗೆಲುವಾಗಿದ್ದಳು. ಊರಲ್ಲಿ ಪಾತ್ರೆ ತೊಳೆದ ನೀರಿಗೆ ಅನ್ನದ ಗಂಜಿ, ಹಿಡಿ ಉಪ್ಪು ಹಾಕಿ ದನಕ್ಕೆ ಇಡುವುದು ಅವಳ ರೂಢಿ. ಅದಕ್ಕೆ ಮುಸುರಿ ಎನ್ನುತ್ತೇವೆ. ಇಲ್ಲಿಯೂ ಅಡುಗೆಮನೆಯ ಹಿಂದೆ ಬೋಗುಣಿ ತುಂಬ ಇಟ್ಟಿದ್ದಳು.

"ಯಾರ ಎಮ್ಮಿನೋ ಏನೋ, ಭಾಳ ದೊಡ್ಡದು. ನಾಕೂ ಕಾಲಿಗೆ ಬಿಳೇ ಕಾಲ್ಚೀಲ ಹಾಕಿದಂಗ ಇತ್ತು. ಎಲ್ಲಾ ಕುಡದು ಹೋತು ನೋಡು, ಪಾಪ" ಎಂದಳು.

ಅಪ್ಪನ ಕೈಯ ಚಹಾ ಅಲ್ಲೇ ನಿಂತಿತು. ಬಂಗಲೆಯ ವಾಚ್‌ಮನ್ ಕಾಕಾ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಅದು ಎಮ್ಮೆಯಲ್ಲ, ಕಾಡುಕೋಣ ಎಂದು ಬೆವರು ಒರೆಸಿಕೊಳ್ಳುತ್ತ ತಿಳಿಸಿ, ಇನ್ನು ಹೊರಗೆ ಬರಬೇಡಿರಿ ಎಂದು ಬೇಡಿಕೊಂಡ. ಆಯಿಗೆ ಅದರ ಪರಿವೆಯೇ ಇಲ್ಲ.

"ಕೋಣಾ ಆದ್ರ ಏನಾತು? ಅದಕ್ಕ ಹೊಟ್ಟಿ ಇಲ್ಲೇನು?"

ಮರುದಿನ ಮಧ್ಯಾಹ್ನದ ಗಾಡಿಗೆ ಹೊರಡಬೇಕು, ಉಳಿದದ್ದು ಒಂದೇ ಬೆಳಗು. ಅಪ್ಪ ಹಟ ಹಿಡಿದು ಹೊಳೆಗೇ ಹೋದರು, ಅವ್ವನೂ ಹೋದಳು. ನಾನು ಆಯಿಯ ಸೆರಗು ಬಿಡಲಿಲ್ಲ. ಅವಳು ಬೋಗುಣಿ ಇಟ್ಟು ಬಂದು ಹಿಂಬಾಗಿಲನ್ನು ತುಸುವೇ ಸಂದಿ ಬಿಟ್ಟು ಮುಚ್ಚಿಕೊಂಡು, ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿ ನನ್ನ ಕೈಗಿಟ್ಟಳು. ತುತ್ತು ಬಾಯಲ್ಲಿರುವಾಗಲೇ ಬಾಗಿಲ ಸಂದಿಯಲ್ಲಿ ಬೆಳಕು ಮರೆಯಾಯಿತು.

ಅಬ್ಬಾ, ಅದೇನು ಮೈ! ಹತ್ತು ಹೆಜ್ಜೆ ಆಚೆ ನಿಂತು ಸೊರಸೊರ ಕುಡಿಯುತ್ತಿತ್ತು. ಕಾಲ್ಚೀಲ ಖರೇನೇ ಇತ್ತು. ನಾನು ಆಯಿಗೆ ಅಂಟಿಕೊಂಡೆ. ಆಯಿ ನನ್ನ ಬೆನ್ನು ಸವರುತ್ತ ಕೋಣಕ್ಕೇ ಹೇಳಿದಳು: "ಸಾವಕಾಶ ಕುಡಿಯವಾ, ಯಾರೂ ಕಸಗೊಳ್ಳೂದಿಲ್ಲ." ಅದು ಕಿವಿ ಅಲುಗಿಸಿತು, ಬೋಗುಣಿ ನೆಕ್ಕಿತು, ತಿರುಗಿ ಕಾಡಿಗೆ ಹೋಯಿತು. ನಾನು ಗೆದ್ದೆ. ಅಪ್ಪ ಬಂದು ಹೆಜ್ಜೆ ಗುರುತು ನೋಡಿ ಮುನಿಸಿಕೊಂಡವರು ರೈಲು ಖಾನಾಪುರ ದಾಟುವಷ್ಟರಲ್ಲಿ ಬಿದ್ದು ಬಿದ್ದು ನಗುತ್ತಿದ್ದರು.

ಈಚೆಗೆ ಮಕ್ಕಳು ಅದೇ ಕಡೆಯ ಹೊಳೆ ದಂಡೆಯ ರೆಸಾರ್ಟಿಗೆ ಕರೆದೊಯ್ದರು. ಪ್ರಾಣಿಗಳಿಗೆ ಏನನ್ನೂ ಕೊಡಬಾರದೆಂಬ ಫಲಕವಿತ್ತು. ಸರಿಯೇ, ನಾನೂ ಅದನ್ನೇ ಹೇಳುತ್ತೇನೆ. ಜೀಪಿನಿಂದ ಕೋಣಗಳ ಹಿಂಡೇ ಕಂಡಿತು, ಎಲ್ಲರೂ ಫೋಟೋ ಹೊಡೆದುಕೊಂಡರು. ಎಷ್ಟು ದೊಡ್ಡದು, ಎಷ್ಟು ತೂಕ ಎಂದು ಗೈಡನ್ನು ಕೇಳಿದವರೇ ಎಲ್ಲ. ಅದು ಹಸಿದಿದೆಯೋ ಏನೋ ಎಂದು ಯಾರೊಬ್ಬರೂ ಕೇಳಲಿಲ್ಲ. ನನಗೆ ಆಯಿ ಬಹಳ ನೆನಪಾದಳು.