ಭಾನುವಾರದ ಶಾಲೆಗೆ ಏಳು ಪ್ರತಿ

ಪರದೇಶದ ಲಿನ್‌ವುಡ್ ಊರಿನಲ್ಲಿ ಭಾನುವಾರ ಮಾತ್ರ ನಡೆಯುವ ನಮ್ಮ ಕನ್ನಡ ಶಾಲೆಗೆ, ಕಂಪ್ಯೂಟರ್ ಫೈಲುಗಳನ್ನೆಲ್ಲ ಕೂಡಿಡುವ ಸ್ಟೋರೇಜ್ ಪೆಟ್ಟಿಗೆ ಕೂರಿಸಿದ್ದು ನಾನೇ. ಆಫೀಸಲ್ಲಿ ದಿನವಿಡೀ ಮಾಡೋದೇ ಆ ಕೆಲಸ, ಇದೇನು ಮಹಾ ಅಂದುಕೊಂಡು ಆಫೀಸಿನ ನಿಯಮವನ್ನೇ ತಂದು ಹಾಕಿದೆ. ದಿನಾ ರಾತ್ರಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿಗೆ ಪೆಟ್ಟಿಗೆಯಲ್ಲಿ ಏನೇನಿದೆಯೋ ಅದರ ಯಥಾಪ್ರತಿ. ಏಳು ಇಟ್ಟುಕೊಳ್ಳುವುದು, ಎಂಟನೆಯದು ಬಂದಾಗ ಹಳೆಯದು ತಾನಾಗಿ ಹೋಗುವುದು. "ಏನೇ ಅಳಿಸಿಹೋದ್ರೂ ವಾಪಸ್ ತರ್ತೀನಿ ಮೇಡಂ, ನಾನಿದೀನಲ್ಲ" ಅಂತ ಟೀಚರ್ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ.

ಟೀಚರ್ ಮೈಸೂರಿನವರು. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಲ್ಲಿ ಉತ್ತರ ಕೊಡುವ ಮಕ್ಕಳು ಮೊದಲ ಸಲ ತೊದಲುತ್ತಾ ಕನ್ನಡ ಓದಿದ್ದನ್ನು ಮೂರು ವರ್ಷದಿಂದ ರೆಕಾರ್ಡ್ ಮಾಡಿಡುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ತರಗತಿ ಮುಗಿಸಿ, ಎಲ್ಲ ಓರಣ ಮಾಡಲು ಹೋಗಿ, ಪೆಟ್ಟಿಗೆಯಲ್ಲಿ ಅವೆಲ್ಲ ಇದ್ದ ಫೋಲ್ಡರನ್ನೇ ಅಳಿಸಿಬಿಟ್ಟಿದ್ದಾರೆ. ಗೊತ್ತಾಗಿದ್ದು ಮುಂದಿನ ಭಾನುವಾರ ಬೆಳಿಗ್ಗೆ, ಶಾಲೆಯ ಬಾಗಿಲು ತೆಗೆದಾಗ.

ಭಾನುವಾರ ರಾತ್ರಿಯದು, ಸೋಮವಾರದ್ದು, ಮಂಗಳವಾರದ್ದು, ಹೀಗೆ ಒಂದೊಂದಾಗಿ ತೆಗೆದು ನೋಡಿದೆ. ಏಳೂ ಅಳಿಸಿದ ಮೇಲಿನವು; ಅದಕ್ಕೂ ಮುಂಚಿನದು ಹಿಂದಿನ ರಾತ್ರಿಯೇ ತಾನಾಗಿ ಹೋಗಿತ್ತು. ವಾರಕ್ಕೊಮ್ಮೆ ಬಾಗಿಲು ತೆಗೆಯುವ ಜಾಗಕ್ಕೆ ದಿನಾ ಜನ ಇರುವ ಆಫೀಸಿನ ನಿಯಮ ಹಾಕಿದ ನನ್ನ ಬುದ್ಧಿಗೆ ಏನು ಹೇಳಲಿ? ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಕ್ಕಳ ಹತ್ತಿರ ಮತ್ತೆ ಓದಿಸೋಣ ಅಂದೆ. ಹಳೇ ವಿದ್ಯಾರ್ಥಿನಿಯೊಬ್ಬಳು ಪಟಪಟ ಓದಿದಳು. ಟೀಚರ್ ಕೇಳಿ, "ಚೆನ್ನಾಗಿದೆ. ಆದ್ರೆ ಇದು ಅವಳ ಮೊದಲ್ನೇ ಸಲ ಅಲ್ವಲ್ಲ" ಅಂದರು. ಬೈದಿದ್ದರೇ ವಾಸಿಯಿತ್ತು.

ಅವತ್ತೇ ಹಟ ಹಿಡಿದು ಕೂತೆ. ದಿನದ ಪ್ರತಿಗಳು ಮೂವತ್ತು, ವಾರದ್ದು ವರ್ಷಪೂರ್ತಿ ಉಳಿಯುವ ಹಾಗೆ ಮಾಡಿದೆ. ತಿಂಗಳದ್ದನ್ನು ಯಾರೂ, ನಾನೂ ಸೇರಿದಂತೆ, ಅಳಿಸಲಾಗದ ಹಾಗೆ ಬೀಗ. ಶಾಲೆಯಿಂದ ದೂರ, ರೆಂಟನ್‌ನ ನನ್ನ ಮನೆಯಲ್ಲಿ ಇನ್ನೊಂದು ಪ್ರತಿ. ಟೀಚರ್ ಎಲ್ಲ ಕೇಳಿಸಿಕೊಂಡು, "ಬಾಯಿಮಾತು ಬೇಡ. ನನ್ನೆದುರಿಗೇ ಅಳಿಸಿ, ನನ್ನೆದುರಿಗೇ ವಾಪಸ್ ತನ್ನಿ" ಅಂದರು. ಅಂದಿನಿಂದ ತಿಂಗಳ ಮೊದಲ ಭಾನುವಾರ ನನಗೆ ಅದೇ ಪರೀಕ್ಷೆ.

ಹೋದ ಸಲ ಅವರು ಹೊಸದಾಗಿ ಸೇರಿದ ಪುಟ್ಟಿಯ ರೆಕಾರ್ಡಿಂಗ್ ಆರಿಸಿದರು, ಹಿಂದಿನ ವಾರ ಓದಿದ್ದು. ಅಳಿಸಿದೆ. ಆಮೇಲೆ ವಾಪಸ್ ತಂದೆ. "ಅ... ಅಗ... ಅಗಸ" ಅಂತ ರೆಕಾರ್ಡಿಂಗಿನಲ್ಲಿ ಪುಟ್ಟಿ ತಡವರಿಸಿದಳು. ಟೀಚರ್ ಕಣ್ಣು ಮುಚ್ಚಿಕೊಂಡು ಎರಡು ಸಲ ಕೇಳಿ, "ಇದು ಮೊದಲ್ನೇ ಸಲದ್ದೇ" ಅಂದರು.